ಒಂದು ಜೊತೆ ಬೂಟಿನ ಚಿತ್ರ ಬರೆಯುವುದು ಹೇಗೆ? ಒಂದು ಸರಿ ಬಂದರೆ ಇನ್ನೊಂದು ಕೆಡುತ್ತದೆ

ಒಂದು ಬೂಟು ಹೇಗೋ ಬರುತ್ತದೆ, ಪಕ್ಕದ್ದು ದೊಡ್ಡದಾಗುತ್ತದೆ, ಇಲ್ಲಾಂದ್ರೆ ಎರಡೂ ಒಂದೇ ಕಾಲಿನ ಬೂಟಿನ ಹಾಗೆ ಕಾಣುತ್ತವೆ, ನೆಲದ ಮೇಲೆ ನಿಂತ ಹಾಗೇ ಅನಿಸುವುದಿಲ್ಲ ಎಂದು ಕೇಳಿದ್ದೀರಿ. ಶುರುವಿನಲ್ಲಿ ನನಗೂ ಇದೇ ಆಗುತ್ತಿತ್ತು. ನಾವು ಒಂದನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತೇವೆ. ತೊಂದರೆ ಅಲ್ಲೇ ಇರುವುದು. ಎರಡನ್ನೂ ಒಟ್ಟಿಗೇ ಬರೆಯಬೇಕು.

ಮೊದಲು ಹಳೇ ಬೂಟು ಹುಡುಕಿ. ಹೊಸದು ನುಣುಪಾಗಿರುತ್ತದೆ, ಕಣ್ಣಿಗೆ ಹಿಡಿತ ಸಿಗುವುದಿಲ್ಲ. ನಾನು ಕಲಿತದ್ದು ಅಪ್ಪನ ಸೇಫ್ಟಿ ಶೂ ಮುಂದಿಟ್ಟುಕೊಂಡು. ಫ್ಯಾಕ್ಟರಿಗೆ ಹಾಕಿಕೊಂಡು ಹೋಗುತ್ತಿದ್ದ ಕಪ್ಪು ಬೂಟು. ಬೆರಳಿನ ಭಾಗದೊಳಗೆ ಉಕ್ಕಿನ ತಗಡು ಇರುವುದರಿಂದ ಮೂತಿ ಎಷ್ಟು ವರ್ಷವಾದರೂ ಗುಂಡಗೇ ಇರುತ್ತದೆ. ಮಡಿಕೆಗಳೆಲ್ಲ ಅದರ ಹಿಂದೆ, ಕಾಲು ಬಗ್ಗುವ ಜಾಗದಲ್ಲಿ ಸಾಲಾಗಿ ಬೀಳುತ್ತವೆ. ಆ ನಾಲ್ಕು ಮಡಿಕೆ ಸರಿಯಾದ ಜಾಗಕ್ಕೆ ಬಿದ್ದರೆ ಬೂಟಿಗೆ ಜೀವ ಬಂದ ಹಾಗೆ.

ವಿನ್ಸೆಂಟ್ ವ್ಯಾನ್ ಗೋ 1886ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಬರೆದ ಹಳೇ ಬೂಟುಗಳ ಚಿತ್ರವನ್ನು ಒಮ್ಮೆ ನೋಡಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವನ ಹೆಸರಿನ ಮ್ಯೂಸಿಯಂನಲ್ಲಿದೆ. ಒಂದರ ಕತ್ತು ಜೋತು ಬಿದ್ದಿದೆ, ಇನ್ನೊಂದರ ಲೇಸು ನೆಲಕ್ಕೆ ಇಳಿದಿದೆ. ಎರಡೂ ಒಂದೇ ಥರ ಇಲ್ಲ, ಆದರೂ ಜೊತೆ ಅನ್ನುವುದರಲ್ಲಿ ಸಂಶಯ ಬರುವುದೇ ಇಲ್ಲ.

ಬೂಟುಗಳನ್ನು ಕಿಟಕಿ ಪಕ್ಕ ನೆಲದ ಮೇಲಿಡಿ, ಬೆಳಕು ಒಂದೇ ಕಡೆಯಿಂದ ಬೀಳಲಿ. ಶಾಲೆಯ ಸಾಲಿನ ಹಾಗೆ ನೆಟ್ಟಗೆ ಇಡಬೇಡಿ. ಒಂದರ ಪಕ್ಕ ಕಾಣಲಿ, ಇನ್ನೊಂದು ಸ್ವಲ್ಪ ನಿಮ್ಮ ಕಡೆ ತಿರುಗಲಿ. ಎರಡು ಮೀಟರ್ ದೂರದಲ್ಲಿ ಕೂತುಕೊಳ್ಳಿ. ಎಚ್‌ಬಿ ಪೆನ್ಸಿಲ್ಲಿನಲ್ಲಿ ಎರಡೂ ಸೇರಿ ಹಿಡಿಯುವಷ್ಟು ಒಂದೇ ಚೌಕಟ್ಟನ್ನು ತೆಳ್ಳಗೆ ಎಳೆಯಿರಿ. ಅದರ ಅಳತೆಗೆ ತೋಳು ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಎತ್ತರವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತು ಮಾಡಿ. ಆ ಎತ್ತರ ಅಗಲದೊಳಗೆ ಎಷ್ಟು ಸಲ ಹಿಡಿಯುತ್ತದೆ ನೋಡಿ. ಮೊಣಕೈ ಬಗ್ಗಿದರೆ ಲೆಕ್ಕ ತಪ್ಪುತ್ತದೆ.

ಈಗ ಬೂಟು ಬರೆಯಬೇಡಿ. ಎರಡರ ನಡುವೆ ಕಾಣುವ ನೆಲದ ತುಂಡನ್ನು ಬರೆಯಿರಿ. ಅದು ಸುಮಾರಾಗಿ ಒಂದು ಓರೆ ತ್ರಿಕೋನ ಇರಬಹುದು. ಅದಕ್ಕೆ ಹೆಸರಿಲ್ಲ, ಹಾಗಾಗಿ ನಿಮ್ಮ ತಲೆ ‘ಬೂಟು ಹೀಗಿರುತ್ತದೆ’ ಎಂದು ಸುಳ್ಳು ಹೇಳಲು ಆಗುವುದಿಲ್ಲ, ಕಣ್ಣಿಗೆ ಕಂಡದ್ದೇ ಕೈಗೆ ಬರುತ್ತದೆ. ಆ ತುಂಡು ಸರಿಯಾದರೆ ಎಡಬದಿಯ ಬೂಟಿನ ಒಂದು ಅಂಚು, ಬಲಬದಿಯದರ ಒಂದು ಅಂಚು ಆಗಲೇ ಸಿಕ್ಕಿಬಿಟ್ಟಿರುತ್ತವೆ. ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಎರಡರ ಅಡಿಯನ್ನೂ ಒಂದೇ ಅಡ್ಡಗೆರೆಯ ಮೇಲೆ ಕೂರಿಸಬೇಡಿ. ಹತ್ತಿರ ಇರುವುದರ ಅಡಿ ಕಾಗದದಲ್ಲಿ ಕೆಳಗೆ ಬರುತ್ತದೆ, ದೂರದ್ದು ಸ್ವಲ್ಪ ಮೇಲೆ, ಸ್ವಲ್ಪ ಚಿಕ್ಕದು. ಬೂಟಿನ ಬಾಯಿ ಲೋಟದ ಬಾಯಿಯ ಹಾಗೆ, ಮೇಲಿನಿಂದ ಓರೆಯಾಗಿ ನೋಡಿದರೆ ಚಪ್ಪಟೆ ಮೊಟ್ಟೆ ಆಕಾರ. ಹಿಂದಿನ ಅಂಚನ್ನೂ ಎಳೆಯಿರಿ, ಆಗ ಒಳಗೆ ಜಾಗ ಇದೆ ಅನಿಸುತ್ತದೆ.

ಎಡ ಬಲ ಗೊತ್ತಾಗುವುದು ಅಂಚಿನಿಂದ. ಹೆಬ್ಬೆರಳಿನ ಕಡೆ ಗೆರೆ ಹೆಚ್ಚು ನೇರ, ಕಿರುಬೆರಳಿನ ಕಡೆ ಹೊರಗೆ ಉಬ್ಬಿರುತ್ತದೆ. ಸೋಲ್ ಕೂಡ ಪೂರ್ತಿ ನೆಲಕ್ಕೆ ತಾಗಿರುವುದಿಲ್ಲ. ಮೂತಿ ಸ್ವಲ್ಪ ಎದ್ದಿರುತ್ತದೆ, ಹೀಲಿನ ಮುಂದೆ ಒಂದು ಸಂದು ಇರುತ್ತದೆ. ಬಹಳ ಜನರ ಬೂಟಿನ ಹೀಲು ಹಿಂದೆ, ಹೊರಗಿನ ಮೂಲೆಯಲ್ಲಿ ಸವೆದಿರುತ್ತದೆ. ನಾನು ಅದನ್ನು ಕಂಡ ಹಾಗೇ ಬರೆದಿದ್ದೆ. ಅಪ್ಪ ಕಾಗದ ನೋಡಿ, ಬೆರಳಿಟ್ಟು, ‘ಇದು ನನ್ನ ಎಡಗಾಲಿಂದು, ಈ ಕಡೆನೇ ಜಾಸ್ತಿ ಸವೀತಿತ್ತು’ ಅಂದರು. ಅವತ್ತಿನ ಖುಷಿ ಇನ್ನೂ ನೆನಪಿದೆ.

ಲೇಸು ಕೊನೆಗೆ. ಅದು ಗೆರೆಯಲ್ಲ, ಪಟ್ಟಿ. ಎರಡು ಗೆರೆ ಬೇಕು. ತೂತಿನೊಳಗೆ ಹೋಗುವ ಕಡೆ ಒಂದು ಗಾಢ ಚುಕ್ಕೆ ಇಡಿ. ಎರಡು ಮೂರು ತೂತು ಸರಿಯಾಗಿ ಬರೆದರೆ ಸಾಕು, ಉಳಿದದ್ದನ್ನು ಸುಮ್ನೆ ಸೂಚಿಸಿ.

ಕಪ್ಪು ಬೂಟು ಅಂತ ಪೂರ್ತಿ ಕಪ್ಪು ಮೆತ್ತಬೇಡಿ. ಕಣ್ಣು ಕಿರಿದು ಮಾಡಿ ನೋಡಿ. ಮೂತಿಯ ಹೊಳಪಿಗೆ ಕಾಗದದ ಬಿಳಿಯನ್ನೇ ಬಿಡಿ. 6ಬಿ ಪೆನ್ಸಿಲ್ಲಿನ ಕಡುಕಪ್ಪು ಮೂರೇ ಕಡೆ ಸಾಕು: ಬಾಯಿಯ ಒಳಗೆ, ಸೋಲಿನ ಸಂದಿನಲ್ಲಿ, ಬೂಟು ನೆಲ ಮುಟ್ಟುವ ಗೆರೆಯಲ್ಲಿ. ಆ ಕೊನೆಯ ಗೆರೆ ಬಿದ್ದ ತಕ್ಷಣ ಬೂಟು ನೆಲಕ್ಕೆ ಕೂರುತ್ತದೆ, ನೋಡಿ.

ಫೋಟೋ ನೋಡಿ ಬರೆಯುವುದಾದರೆ ಫೋನನ್ನು ಹತ್ತಿರ ಹಿಡಿಯಬೇಡಿ, ಮುಂದಿನ ಮೂತಿ ಊದಿಕೊಳ್ಳುತ್ತದೆ. ದೂರ ನಿಂತು ಝೂಮ್ ಮಾಡಿ. ಆದರೆ ಮೊದಲ ಜೊತೆಯನ್ನು ಮಾತ್ರ ದಯವಿಟ್ಟು ಎದುರಿಗೆ ಇಟ್ಟುಕೊಂಡೇ ಬರೆಯಿರಿ. ಅರ್ಧ ಗಂಟೆ ಸಾಕು. ನಾಳೆ ಅದೇ ಬೂಟುಗಳನ್ನು ಬೇರೆ ಕಡೆಗೆ ತಿರುಗಿಸಿಟ್ಟು ಇನ್ನೊಮ್ಮೆ.