ಅಡಿಕೆ ಬೆಳೆಗಾರನಿಗೆ ಸಹಕಾರಿ ಸಂಸ್ಥೆಯು ಖಾಸಗಿ ವ್ಯಾಪಾರಿಗಿಂತ ಹೇಗೆ ಭಿನ್ನ?
ಮುಖ್ಯ ವ್ಯತ್ಯಾಸವಿರುವುದು ಒಡೆತನದಲ್ಲಿ: ಸಹಕಾರಿ ಸಂಸ್ಥೆಗೆ ಅದರ ಸದಸ್ಯರಾದ ಬೆಳೆಗಾರರೇ ಒಡೆಯರು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಕರಾವಳಿಯ ಕೃಷಿಕರು ಕಂಗೆಟ್ಟಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ, ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನೇ ಸದಸ್ಯರನ್ನಾಗಿಸಿಕೊಂಡು ನೇರ ಖರೀದಿಗಿಳಿಯಿತು. ಇಂತಹ ಸಂಸ್ಥೆಯೊಂದು ಪೇಟೆಯಲ್ಲಿದ್ದರೆ ಅದಕ್ಕೆ ಅಡಿಕೆ ಮಾರದ ರೈತನಿಗೂ ಪ್ರಯೋಜನವಿದೆ. ಏಕೆಂದರೆ ಅದು ಕೊಡುವ ದರಕ್ಕಿಂತ ತೀರಾ ಕಡಿಮೆಗೆ ಕೇಳುವುದು ಖಾಸಗಿ ವ್ಯಾಪಾರಿಗೆ ಕಷ್ಟವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಅದರ ಬಹುದೊಡ್ಡ ಸೇವೆ. ಆದರೆ ಧಾರಣೆ ಏರಿದಾಗ ಹೊರಗೆ ಮಾರಿ, ಇಳಿದಾಗ ಮಾತ್ರ ಸಂಸ್ಥೆಯನ್ನು ನೆನೆಯುವ ಸದಸ್ಯರು ಹೆಚ್ಚಾದರೆ ಈ ವ್ಯವಸ್ಥೆಯೇ ಸೊರಗುತ್ತದೆ. ಮುಂದೆ ಕೊಕ್ಕೊಗೂ ಕೊಳ್ಳುವವರಿಲ್ಲದ ಸ್ಥಿತಿ ಬಂದಾಗ ಇದೇ ಕ್ಯಾಂಪ್ಕೊ ಖರೀದಿಗೆ ಮುಂದಾಗಿ, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು.