ಕಾಲೇಜು ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಲೇ ರ‍್ಯಾಪರ್ ಆಗಲು ಸಾಧ್ಯವೇ?

ನಿಮ್ಮ ಅಕ್ಕನ ಮಗ ಓದಲು ಅಮೆರಿಕಕ್ಕೆ ಹೊರಟಿದ್ದಾನೆ, ಅಲ್ಲಿ ಕಾಲೇಜು ತಂಡಕ್ಕೆ ಆಡುತ್ತಾ ರ‍್ಯಾಪ್ ಕೂಡ ಮಾಡುತ್ತೇನೆ ಅನ್ನುತ್ತಿದ್ದಾನೆ, ಮನೆಯವರು ಇದು ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಅಂತಿದ್ದಾರೆ. ಎರಡನ್ನೂ ನಿಭಾಯಿಸಿದವರು ಯಾರಾದರೂ ಇದ್ದಾರಾ ಎಂದು ಕೇಳಿದ್ದೀರಿ. ಇದ್ದಾರೆ. ಮಹಿಳೆಯರ ಕಾಲೇಜು ಬ್ಯಾಸ್ಕೆಟ್‌ಬಾಲನ್ನು ಬಿಡದೆ ನೋಡುವ ನನಗೆ ತಕ್ಷಣ ನೆನಪಾಗುವ ಹೆಸರು ಫ್ಲಾಜೇ ಜಾನ್ಸನ್. 2022ರಲ್ಲಿ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ ಸೇರಿದ ಗಾರ್ಡ್, ಅಂದರೆ ಚೆಂಡನ್ನು ಮುನ್ನಡೆಸುವ, ದೂರದಿಂದ ಎಸೆಯುವ ಆಟಗಾರ್ತಿ.

ಅವಳ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಒಂದೇ. ಆಟದಿಂದ ಹೆಸರು ಬಂತು, ಆಮೇಲೆ ಹಾಡಿಗೆ ಕೈಹಾಕಿದಳು ಅಂದುಕೊಳ್ಳುತ್ತಾರೆ. ಹಾಗಲ್ಲ. ಅವಳ ಅಪ್ಪ ಜಾರ್ಜಿಯಾದ ಸವಾನಾ ಊರಿನ ರ‍್ಯಾಪರ್, ಕ್ಯಾಮಫ್ಲಾಜ್ ಎಂದು ಹೆಸರಾಗಿದ್ದವರು. 2003ರ ಮೇ ತಿಂಗಳಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಮಗಳು ಹುಟ್ಟಿದ್ದು ಅದೇ ವರ್ಷ ನವೆಂಬರಿನಲ್ಲಿ. ಅಪ್ಪನ ಮುಖ ನೋಡದ ಆ ಹುಡುಗಿ 14ನೇ ವಯಸ್ಸಿನಲ್ಲಿ, 2018ರ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ ಎಂಬ ಟಿವಿ ಪ್ರತಿಭಾ ಸ್ಪರ್ಧೆಯ ವೇದಿಕೆಯಲ್ಲಿ ನಿಂತು ಬಂದೂಕಿನ ಹಿಂಸೆಯ ವಿರುದ್ಧ ರ‍್ಯಾಪ್ ಹಾಡಿದಳು. ಕಾಲೇಜು ಸೇರುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಇದನ್ನು ಹವ್ಯಾಸ ಅನ್ನಲು ನನಗೆ ಮನಸ್ಸೇ ಬರುವುದಿಲ್ಲ.

ಕಾಲವೂ ಕೂಡಿ ಬಂತು. ಮೊದಲು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯುವ ಹಾಗಿರಲಿಲ್ಲ. ಕ್ಯಾಲಿಫೋರ್ನಿಯಾ 2019ರಲ್ಲಿ ಇದರ ವಿರುದ್ಧ ಕಾನೂನು ಮಾಡಿತು, ಬೇರೆ ರಾಜ್ಯಗಳೂ ಹಿಂದೆ ಬಂದವು, ಕೊನೆಗೆ 2021ರ ಜುಲೈ 1ರಿಂದ ಎನ್‌ಸಿಎಎ ನಿಯಮ ಸಡಿಲಿಸಿತು. ಹಿಂದೆ ಫ್ಲಾಜೇಯ ಯೂನಿವರ್ಸಿಟಿಗೇ ಆಡಿದ್ದ ಶಕೀಲ್ ಓನೀಲ್ ಅವರ ಮೊದಲ ರ‍್ಯಾಪ್ ಆಲ್ಬಂ ಬಂದಿದ್ದು 1993ರಲ್ಲಿ, ಅವರು ವೃತ್ತಿಪರ ಲೀಗ್ ಆದ ಎನ್‌ಬಿಎ ಸೇರಿದ ಮೇಲೆ. ಇನ್ನೊಬ್ಬ ಎನ್‌ಬಿಎ ಆಟಗಾರ ಡೇಮಿಯನ್ ಲಿಲ್ಲಾರ್ಡ್ ಆಲ್ಬಂ ತಂದದ್ದೂ ವೃತ್ತಿಪರ ಆಟಗಾರನಾಗಿಯೇ. ಫ್ಲಾಜೇ ಮಾತ್ರ ಕಾಲೇಜಿನಲ್ಲಿ ಇದ್ದುಕೊಂಡೇ ಸಂಗೀತ ಕಂಪನಿ ರಾಕ್ ನೇಷನ್ ಜೊತೆ ಹಾಡುಗಳ ವಿತರಣೆಗೆ, ಪ್ಯೂಮಾ ಜೊತೆ ಜಾಹೀರಾತಿಗೆ ಒಪ್ಪಂದ ಮಾಡಿಕೊಂಡಳು. ವ್ಯವಹಾರವನ್ನೆಲ್ಲ ನೋಡಿಕೊಂಡವರು ಅವಳ ತಾಯಿ. ಮನೆಯವರೇ ಬೆನ್ನಿಗೆ ನಿಂತದ್ದು ಸಣ್ಣ ಮಾತಲ್ಲ, ನಿಮ್ಮ ಅಕ್ಕನಿಗೆ ಇದನ್ನು ಖಂಡಿತ ಹೇಳಿ.

ಹಾಡಿನಿಂದ ಆಟ ಕೆಟ್ಟಿತಾ? ಮೊದಲ ವರ್ಷವೇ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು: 2023ರ ಏಪ್ರಿಲ್ 2ರಂದು ಡಲ್ಲಾಸ್‌ನಲ್ಲಿ, ತಾರಾ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಇದ್ದ ಅಯೋವಾ ಯೂನಿವರ್ಸಿಟಿ ತಂಡವನ್ನು 102–85ರಿಂದ ಸೋಲಿಸಿ. ಆ ವರ್ಷ ಫ್ಲಾಜೇ ಪಂದ್ಯಕ್ಕೆ ಸರಾಸರಿ 11 ಅಂಕ ಗಳಿಸಿದ್ದಳು, ಮರುವರ್ಷ 14.9. 2024ರ ಜೂನ್‌ನಲ್ಲಿ ಹೆಸರಾಂತ ರ‍್ಯಾಪರ್ ಲಿಲ್ ವೇಯ್ನ್ ಕೂಡ ದನಿಗೂಡಿಸಿದ ಅವಳ ಇಪಿ (ಕೆಲವೇ ಹಾಡುಗಳ ಚಿಕ್ಕ ಆಲ್ಬಂ) ಬಿಡುಗಡೆಯಾಯಿತು. ಅದಾದ ಮೇಲಿನ ಸೀಸನ್ನಿನಲ್ಲಿ ಸರಾಸರಿ 18.6ಕ್ಕೆ ಏರಿತು! ಜೂನ್ ಅಂದದ್ದನ್ನು ಗಮನಿಸಿ. ಪಂದ್ಯಗಳು ನವೆಂಬರಿನಿಂದ ಏಪ್ರಿಲ್ ಆರಂಭದವರೆಗೆ. ಸೀಸನ್ ನಡೆಯುವಾಗ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ, ಆದರೆ ಪ್ರಯಾಣ, ಚಿಕಿತ್ಸೆ, ಓದು ಅದಕ್ಕೆ ಸೇರುವುದಿಲ್ಲ. ಹಾಡಿನ ದೊಡ್ಡ ಕೆಲಸಕ್ಕೆ ಬಿಡುವು ಸಿಗುವುದು ಬೇಸಿಗೆಯಲ್ಲೇ.

ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ: ಆಟದಲ್ಲಿ ಮುಟ್ಟಿದ ಎತ್ತರವನ್ನು ಅವಳು ರ‍್ಯಾಪ್‌ನಲ್ಲಿ ಇನ್ನೂ ಮುಟ್ಟಿಲ್ಲ. ಆದರೆ ಅಪ್ಪನ ನೆನಪು ಬಂದಾಗ ಆ ದನಿ ತುಂಬಿ ಬರುತ್ತದೆ, ಅಲ್ಲಿ ನಟನೆ ಇಲ್ಲ.

ನಿಮ್ಮ ಹುಡುಗನಿಗೆ ಬೇರೆಯದೇ ಒಂದು ತೊಡಕಿದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಹೋದವರು ಅಲ್ಲಿ ದುಡಿಯುವುದಕ್ಕೆ ಬಿಗಿ ಕಟ್ಟುಪಾಡುಗಳಿವೆ. ಆಟಗಾರರಿಗೆ ಎನ್‌ಸಿಎಎ ಕೊಟ್ಟ ಸಡಿಲಿಕೆಯಿಂದ ವೀಸಾ ನಿಯಮ ಬದಲಾಗುವುದಿಲ್ಲ. ಅವನು ಹಾಡು ಬರೆಯಲಿ, ಅಭ್ಯಾಸ ಮಾಡಲಿ. ದುಡ್ಡಿನ ಮಾತು ಬಂದರೆ ಮಾತ್ರ, ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗಿರುವ ಕಚೇರಿಯನ್ನೂ ವಲಸೆ ಕಾನೂನು ಬಲ್ಲ ವಕೀಲರನ್ನೂ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ.