ಬೆಂಗಳೂರಿನಲ್ಲಿ ಹಾಯಿದೋಣಿ ಎಲ್ಲಿ ಕಟ್ಟಲಿ?

ಪ್ರಶ್ನೆ: ಚೆನ್ನೈನಲ್ಲಿ ಕೆಲಸದಲ್ಲಿದ್ದಾಗ ಎರಡು ವರ್ಷ ಹಾಯಿದೋಣಿ ಓಡಿಸಲು ಕಲಿತೆ. ಈಗ ಊರಿಗೆ ವಾಪಸ್ ಬಂದಿದ್ದೇನೆ. ಅಲ್ಲಿನ ಸ್ನೇಹಿತರೊಬ್ಬರು ತಮ್ಮ ಹಳೆಯ ಎಂಟರ್‌ಪ್ರೈಸ್ ಡಿಂಗಿಯನ್ನು (ಸಣ್ಣ ತೆರೆದ ಹಾಯಿದೋಣಿ) ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ, 30×40 ಸೈಟು. ಹತ್ತಿರದ ಕೆರೆ ಯಾವುದರಲ್ಲಾದರೂ ಹೆಚ್ಚು ಖರ್ಚಿಲ್ಲದೆ ದೋಣಿ ಕಟ್ಟಿಡಲು ಜಾಗ ಸಿಕ್ಕೀತೇ? ಹಲಸೂರು, ಹೆಸರಘಟ್ಟ ಎರಡೂ ಮನಸ್ಸಿನಲ್ಲಿವೆ. ಸಣ್ಣದೊಂದು ಮೋಟಾರ್ ಹಾಕಿಸುವ ಯೋಚನೆಯೂ ಇದೆ.

ಉತ್ತರ: ದೋಣಿ ಕೊಳ್ಳಿ. ಆದರೆ ಕೆರೆಯಲ್ಲಿ ಕಟ್ಟಿಡುವ ಯೋಚನೆ ಬಿಡಿ. ಜಾಗ ಸಿಗುವುದಿಲ್ಲ ಅನ್ನುವುದು ಒಂದು ಕಾರಣ. ಸಿಕ್ಕರೂ ಆ ದೋಣಿಯನ್ನು ನೀರಿನಲ್ಲಿ ಬಿಡಬಾರದು ಅನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಎಂಟರ್‌ಪ್ರೈಸ್ ಹದಿಮೂರು ಅಡಿಯ ದೋಣಿ. ಒಡಲಿನ ತೂಕ ನೂರು ಕೆಜಿ ಆಸುಪಾಸು, ಅಡಿಯಲ್ಲಿ ಕೀಲ್ ಅನ್ನುವ ಭಾರದ ರೆಕ್ಕೆ ಇಲ್ಲ. ಅದನ್ನು ನೆಟ್ಟಗೆ ನಿಲ್ಲಿಸುವ ಭಾರವೆಂದರೆ ಒಳಗೆ ಕೂತ ನೀವೇ. ಮಾಸ್ಟ್ (ಹಾಯಿ ಕಂಬ) ನಿಲ್ಲಿಸಿ, ಲಂಗರು ಹಾಕಿ ತೇಲಿಬಿಟ್ಟ ಬೂಯ್‌ಗೆ ಕಟ್ಟಿ ಮನೆಗೆ ಬಂದಿರಿ ಅಂತಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಮಾವಿನ ಮಳೆಗೆ ಮುಂಚೆ ಬೀಸುವ ಒಂದೇ ಗಾಳಿಗೆ ಅದು ಮಗುಚಿಕೊಂಡು ಬಿದ್ದಿರುತ್ತದೆ. ಬೀಳದೆ ಉಳಿದರೂ ಫೈಬರ್ ಒಡಲು ತಿಂಗಳುಗಟ್ಟಲೆ ಸಿಹಿನೀರಿನಲ್ಲಿ ನೆನೆದರೆ ಜೆಲ್‌ಕೋಟ್ ಅನ್ನುವ ಮೇಲಿನ ಪದರದ ಒಳಗೆ ನೀರು ಇಳಿದು ಗುಳ್ಳೆ ಏಳುತ್ತದೆ. ಈ ವಿಷಯದಲ್ಲಿ ಸಿಹಿನೀರು ಉಪ್ಪುನೀರಿಗಿಂತ ಕೆಟ್ಟದ್ದು. ಅದಕ್ಕೇ ಎಲ್ಲ ಕಡೆಯೂ ಡಿಂಗಿಗಳನ್ನು ಟ್ರಾಲಿಯ ಮೇಲೆ ದಡದಲ್ಲಿ ಇಡುತ್ತಾರೆ. ಬಂದಾಗ ಇಳಿಸುತ್ತಾರೆ, ಹೋಗುವಾಗ ಎಳೆದಿಡುತ್ತಾರೆ. ಹಾಗಾಗಿ ನೀವು ಹುಡುಕಬೇಕಾದದ್ದು ಒಂದು ಕಾರು ನಿಲ್ಲುವಷ್ಟು ನೆಲ, ಜೊತೆಗೆ ನೀರಿಗಿಳಿಸಲು ಅನುಮತಿ ಇರುವ ಒಂದು ದಡ. ಎರಡೂ ಒಂದೇ ಕಡೆ ಇರಬೇಕೆಂದಿಲ್ಲ.

ನೀವು ಹೇಳಿದ ಕೆರೆಗಳ ಮಾತು ಮುಗಿಸಿಬಿಡುತ್ತೇನೆ. ಹಲಸೂರು ಕೆರೆಯಲ್ಲಿ ನೀವು ನೋಡಿರಬಹುದಾದ ಹಾಯಿಗಳು ಪಕ್ಕದ ಸೇನಾ ದಳ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವು. ನಮ್ಮ ನಿಮ್ಮಂಥವರು ಸ್ವಂತ ದೋಣಿ ತಂದು ಇಳಿಸುವ ವ್ಯವಸ್ಥೆ ಅಲ್ಲಿಲ್ಲ. ಹೆಸರಘಟ್ಟ ಕೆರೆ 1894ರಲ್ಲಿ ಊರಿಗೆ ಕೊಳಾಯಿ ನೀರು ಕೊಡಲು ಆದದ್ದು. ವರ್ಷಗಟ್ಟಲೆ ಬತ್ತಿ ಹುಲ್ಲು ಬೆಳೆದು ನಿಂತದ್ದನ್ನು ನೀವೂ ನೋಡಿರುತ್ತೀರಿ. ತಿಪ್ಪಗೊಂಡನಹಳ್ಳಿಯೂ ಕುಡಿಯುವ ನೀರಿಗೆಂದೇ ಕಟ್ಟಿದ ಜಲಾಶಯ. ಮಂಚನಬೆಲೆಯಲ್ಲಿ ಎಷ್ಟೋ ಹುಡುಗರು ಮುಳುಗಿ ಸತ್ತಿದ್ದಾರೆ, ಅಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ಬಿಡಬಾರದು ಕೂಡ. ಊರೊಳಗಿನ ಉಳಿದ ಕೆರೆಗಳಲ್ಲಿ ಜೊಂಡು ದೋಣಿಯ ಅಡಿಗೆ ಇಳಿಬಿಡುವ ಹಲಗೆಗೂ (ಸೆಂಟರ್‌ಬೋರ್ಡ್) ಚುಕ್ಕಾಣಿಗೂ ಸುತ್ತಿಕೊಂಡು ದೋಣಿ ಅಲ್ಲಾಡುವುದಿಲ್ಲ. ಸುತ್ತ ಎದ್ದ ಕಟ್ಟಡಗಳು ಗಾಳಿಯನ್ನು ಚೂರು ಚೂರು ಮಾಡುತ್ತವೆ.

ನಿಜವಾದ ನೀರು ಅಂದರೆ ಕೆಆರ್‌ಎಸ್ ಹಿನ್ನೀರು. ಮೈಸೂರು ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಳಿಗ್ಗೆ ಐದಕ್ಕೆ ಹೊರಟರೆ ತಿಂಡಿ ಹೊತ್ತಿಗೆ ದಡದಲ್ಲಿರಬಹುದು. ನೀರಾವರಿ ನಿಗಮದ ಅನುಮತಿ ಇಲ್ಲದೆ ಅಲ್ಲೂ ಇಳಿಯುವಂತಿಲ್ಲ. ಆದ್ದರಿಂದ ಒಬ್ಬರೇ ಕಚೇರಿ ಅಲೆಯುವ ಬದಲು ಈಗಾಗಲೇ ಅನುಮತಿ, ರಕ್ಷಣಾ ದೋಣಿ ಎರಡೂ ಇರುವವರ ಜೊತೆ ಸೇರಿಕೊಳ್ಳಿ. ಸೇನೆಯವರ ತೃಷ್ಣಾ ಸೇಲಿಂಗ್ ಕ್ಲಬ್ ಅಲ್ಲಿದೆ. 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದ ಸೇನೆಯ ದೋಣಿಯ ಹೆಸರೇ ಅದು. ನಾಗರಿಕರಿಗೆ ಸದಸ್ಯತ್ವದ ದಾರಿ ಇದೆಯೇ ಅಂತ ನೇರವಾಗಿ ವಿಚಾರಿಸಿ. ಕೇಳುವಾಗ ‘ಮೂರಿಂಗ್ ಇದೆಯಾ’, ಅಂದರೆ ನೀರಿನಲ್ಲೇ ದೋಣಿ ಕಟ್ಟಿಡಲು ಜಾಗ ಇದೆಯಾ ಅನ್ನಬೇಡಿ. ‘ದಡದ ಮೇಲೆ ಹದಿಮೂರು ಅಡಿ ಡಿಂಗಿಗೆ ಟ್ರಾಲಿ ಸಮೇತ ಜಾಗ ಇದೆಯಾ, ಮೂರು ಜನ ಸೇರಿ ಒಂದು ದೋಣಿ ಇಡಬಹುದಾ’ ಅನ್ನಿ. ಬರುವ ಉತ್ತರವೇ ಬೇರೆಯಾಗಿರುತ್ತದೆ.

ಕ್ಲಬ್ಬಿನಲ್ಲಿ ಜಾಗ ಆಗದಿದ್ದರೆ ಹಿನ್ನೀರಿನ ಹಳ್ಳಿಗಳಲ್ಲಿ ಯಾರದಾದರೂ ತೋಟದ ಮೂಲೆ ಬಾಡಿಗೆಗೆ ಹಿಡಿಯಬಹುದು. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನನ್ನ ಮೊದಲ ದೋಣಿಯನ್ನು ಬೇಸಿಗೆಯಲ್ಲಿ ನೀರು ಇಳಿದು ತೆರೆದುಕೊಂಡಿದ್ದ ಬಯಲಲ್ಲಿ, ಒಂದು ಹುರುಳಿ ಹೊಲದ ಪಕ್ಕ ಬಿಟ್ಟಿದ್ದೆ. ನೀರು ಅಲ್ಲಿಂದ ಇನ್ನೂ ಅರ್ಧ ಕಿಲೋಮೀಟರ್ ದೂರ ಇತ್ತು. ಜುಲೈನಲ್ಲಿ ಕೊಡಗಿಗೆ ಮಳೆ ಹಿಡಿಯಿತು. ನಾನು ಬೆಂಗಳೂರಿನಲ್ಲಿ ಪೇಪರ್ ತೆಗೆದು ಅಣೆಕಟ್ಟಿನ ಮಟ್ಟ ಏರಿದ್ದನ್ನು ನೋಡಿ ಖುಷಿಪಟ್ಟೆನೇ ಹೊರತು ದೋಣಿ ನೆನಪಾಗಲಿಲ್ಲ. ಶನಿವಾರ ಹೋದಾಗ ಹೊಲವೂ ಇಲ್ಲ, ದೋಣಿಯೂ ಇಲ್ಲ. ಮಧ್ಯಾಹ್ನದವರೆಗೆ ಹುಡುಕಿದ ಮೇಲೆ ಮೀನು ಹಿಡಿಯುವವರೊಬ್ಬರು ತೋರಿಸಿದರು: ಸೀಮೆಜಾಲಿ ಪೊದೆಗೆ ಸಿಕ್ಕಿಕೊಂಡು, ಟ್ರಾಲಿ ಸಮೇತ ಓರೆಯಾಗಿ, ಒಳಗೆ ಮೊಣಕಾಲಷ್ಟು ಕೆಂಪು ನೀರು ತುಂಬಿಕೊಂಡು ನಿಂತಿತ್ತು. ಚುಕ್ಕಾಣಿ ಸಿಗಲೇ ಇಲ್ಲ.

ಕೆಆರ್‌ಎಸ್ ತುಂಬಿದಾಗಿನ ಮಟ್ಟ 124.80 ಅಡಿ, ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ 80ರ ಆಸುಪಾಸಿಗೆ ಇಳಿಯುತ್ತದೆ. ಏರಿಳಿತವೇ ನಲವತ್ತು ಅಡಿ ಅಂದಮೇಲೆ ಲಂಗರಿನ ಸರಪಳಿ ಎಷ್ಟು ಉದ್ದ ಇರಬೇಕು ಯೋಚಿಸಿ. ತುಂಬಿದ ನೀರಿಗೆ ಅಳತೆ ಮಾಡಿದ ಸರಪಳಿ ನೀರು ಇಳಿದಾಗ ದೋಣಿಯನ್ನು ದೊಡ್ಡ ಸುತ್ತಿನಲ್ಲಿ ಅಲೆದಾಡಿಸುತ್ತದೆ, ಕೊನೆಗೆ ಕೆಸರಿನಲ್ಲಿ ಕೂರಿಸುತ್ತದೆ. ಕೀಲ್ ದೋಣಿ ಇಟ್ಟವರಿಗೂ ಅದೇ ಪಾಡು. ಆದ್ದರಿಂದ ಜಾಗ ನೋಡಲು ಹೋಗುವಾಗ ‘ನೀರು ಪೂರ್ತಿ ತುಂಬಿದಾಗ ಎಲ್ಲಿಗೆ ಬರುತ್ತೆ’ ಅಂತ ಆ ಊರಿನ ಹಿರಿಯರನ್ನೇ ಕೇಳಿ. ಅವರು ಒಂದು ಕಲ್ಲನ್ನೋ ಬೇವಿನ ಮರವನ್ನೋ ತೋರಿಸುತ್ತಾರೆ. ಅದರಿಂದ ಮೇಲಿನ ಪಟ್ಟಾ ಜಮೀನಿನಲ್ಲಿ ಮಾತ್ರ ಇಡಿ. ಜೂನ್‌ನಲ್ಲಿ ನೈಋತ್ಯದ ಗಾಳಿ ಚೆನ್ನಾಗಿ ಬೀಸುತ್ತದೆ, ನೀರು ದೂರ. ಒಳ್ಳೆ ಮಳೆಯಾದ ವರ್ಷ ಆಗಸ್ಟ್ ಹೊತ್ತಿಗೆ ಗಾಳಿಯೂ ಇರುತ್ತದೆ, ನೀರೂ ಕಾಲಬುಡಕ್ಕೆ ಬಂದಿರುತ್ತದೆ. ನನಗಂತೂ ವರ್ಷವಿಡೀ ಕಾಯುವ ತಿಂಗಳು ಅದು.

ಇನ್ನು ಮನೆ. ಡಿಂಗಿಯ ಅಗಲ ಐದೂಕಾಲು ಅಡಿ, ಉದ್ದ ಹದಿಮೂರೂಕಾಲು. ಕಾರು ನಿಲ್ಲುವ ಪೋರ್ಟಿಕೋದಲ್ಲಿ ಕೂರುತ್ತದೆ. ಮಾಸ್ಟ್ ಇಪ್ಪತ್ತು ಅಡಿ ಮೀರುತ್ತದೆ, ಅದನ್ನು ಕಾಂಪೌಂಡ್ ಪಕ್ಕದ ಓಣಿಯಲ್ಲಿ ಗೋಡೆಗೆ ಬ್ರಾಕೆಟ್ ಹೊಡೆದು ಮಲಗಿಸಿ. ಎರಡು ತುದಿಗೂ ಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿ ಹಗ್ಗ ಓಡದಂತೆ ಮಾಡುತ್ತದೆ. ದೋಣಿಯನ್ನು ಬೋರಲು ಹಾಕಿ. ಅಷ್ಟು ಕೈಗಳಿಲ್ಲದಿದ್ದರೆ ಮೂತಿ ಎತ್ತರಕ್ಕಿಟ್ಟು ಹಿಂದಿನ ಬಿರಡೆ ತೆಗೆದಿಡಿ. ಟಾರ್ಪಾಲಿನ ಗುಂಡಿಯಲ್ಲಿ ಅಂಗೈಯಷ್ಟು ಮಳೆನೀರು ನಿಂತರೂ ವಾರದಲ್ಲಿ ಸೊಳ್ಳೆ ಮರಿ ಆಡುತ್ತದೆ. ಡೆಂಗಿ ಕಾಲದಲ್ಲಿ ಅಕ್ಕಪಕ್ಕದವರು ದೋಣಿಯನ್ನು ಶಪಿಸುವುದು ಬೇಡ. ಟಾರ್ಪಾಲಿನ ಅಡಿಯಲ್ಲಿ ಉದ್ದಕ್ಕೆ ಒಂದು ಬಿದಿರು ಕೊಟ್ಟು ಗುಡಿಸಲಿನ ಸೂರಿನಂತೆ ಇಳಿಜಾರು ಮಾಡಿ. ಹಾಯಿಗಳನ್ನು ಮಾತ್ರ ಮನೆಯೊಳಗೆ, ಬಿಸಿಲು ಬೀಳದ ಕಡೆ ಇಡಿ.

ಮನೆಯಲ್ಲಿಡುವುದು ಪುಕ್ಕಟೆ ಅನ್ನಿಸುತ್ತದೆ, ಆದರೆ ಪ್ರತಿ ಸಲ ಸಾಗಿಸಬೇಕು. ಕಾರಿಗೆ ಕಟ್ಟುವ ಟ್ರೈಲರ್‌ಗೆ ಆರ್‌ಟಿಓ ನೋಂದಣಿ, ನಂಬರ್ ಪ್ಲೇಟ್, ಹಿಂದಿನ ದೀಪ ಎಲ್ಲ ಬೇಕು. ಲೆಕ್ಕ ಹೀಗೆ ಹಾಕಿ: ವರ್ಷಕ್ಕೆ ನೀವು ನಿಜವಾಗಿ ಎಷ್ಟು ದಿನ ನೀರಿನಲ್ಲಿರುತ್ತೀರಿ? ತಿಂಗಳಿಗೆ ಎರಡು ಸಲ, ಮೂರು ತಿಂಗಳು ಖೋತಾ ಅಂದರೂ 18 ದಿನ. ದಡದ ಬಾಡಿಗೆಯನ್ನು 18ರಿಂದ ಭಾಗಿಸಿ, ಪ್ರತಿ ಸಲ ಟ್ರೈಲರ್ ಎಳೆಯುವ ಖರ್ಚಿನ ಪಕ್ಕ ಇಡಿ. ಇನ್ನಿಬ್ಬರು ಪಾಲುದಾರರು ಸಿಕ್ಕರೆ ದಡವೇ ಗೆಲ್ಲುತ್ತದೆ. ನನ್ನ ಸಲಹೆ ಇಷ್ಟು: ಚೆನ್ನೈನಿಂದ 14 ಅಡಿ ಕ್ಯಾಂಟರ್‌ನಲ್ಲಿ ಒಂದೇ ಸಲ ತರಿಸಿ, ಮೊದಲ ಬೇಸಿಗೆ ಮನೆಯಲ್ಲಿಟ್ಟು ರಿಪೇರಿ ಮಾಡಿಕೊಳ್ಳಿ, ಮಳೆಗಾಲಕ್ಕೆ ಹಿನ್ನೀರಿಗೆ ಕಳಿಸಿ.

ಮೋಟಾರ್ ಬೇಡ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಬಂತೆಂದರೆ ಸರ್ವೆ, ನೋಂದಣಿ ಎಲ್ಲವೂ ಹಿಂದೆ ಬರುತ್ತವೆ. ಎರಡು ಹುಟ್ಟು ಸಾಕು. ಲೈಫ್ ಜಾಕೆಟ್ ಇಲ್ಲದೆ, ದಡದಲ್ಲಿ ಒಬ್ಬರು ಕಾಯದೆ ಯಾವತ್ತೂ ಹೋಗಬೇಡಿ.

ಪ್ರಶ್ನೆ: ನಿವೃತ್ತಿಯ ನಂತರ 25 ಅಡಿಯ ಕೀಲ್ ದೋಣಿ ಕೊಂಡು ಸಮುದ್ರದಲ್ಲಿಡುವ ಆಸೆ. ಜಯನಗರದಲ್ಲಿದ್ದೇನೆ. ಮಂಗಳೂರು ಒಳ್ಳೆಯದೇ, ಚೆನ್ನೈಯೇ?

ಉತ್ತರ: ಎರಡೂ ರಾತ್ರಿ ಬಸ್ಸಿನ ದೂರವೇ. ಮಂಗಳೂರಿನ ಹಳೇ ಬಂದರು, ಮಲ್ಪೆ ಎರಡೂ ಮೀನುಗಾರರ ಬಂದರುಗಳು. ಅಲ್ಲಿ ಬೋಟಿಗೆ ಬೋಟು ತಾಗಿ ನಿಂತಿರುತ್ತದೆ, ಅವರ ದುಡಿಮೆಯ ಜಾಗದಲ್ಲಿ ನಾವು ಹೋಗಿ ತುರುಕಿಕೊಳ್ಳುವುದು ಸರಿಯಲ್ಲ. ಜೂನ್, ಜುಲೈನಲ್ಲಿ ಅವರೇ ಮೀನುಗಾರಿಕೆ ನಿಲ್ಲಿಸಿ ಬೋಟುಗಳನ್ನು ಕಟ್ಟಿಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ದೋಣಿ ಇಡುವವರು ಆ ತಿಂಗಳುಗಳಲ್ಲಿ ಅದನ್ನು ಮೇಲೆತ್ತಿಸುವ ಕ್ರೇನಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾ (ವಿಹಾರ ದೋಣಿಗಳ ತಂಗುದಾಣ) ಒಳನೀರಿನಲ್ಲಿರುವುದರಿಂದ ಅಲೆಯ ಹೊಡೆತ ಕಡಿಮೆ, ದೋಣಿ ನಿಲ್ಲುವ ಬರ್ತ್‌ಗೆ ನೀರು, ಕರೆಂಟೂ ಬರುತ್ತದೆ. ಚೆನ್ನೈಯಲ್ಲಿ 1911ರಿಂದ ಇರುವ ರಾಯಲ್ ಮದ್ರಾಸ್ ಯಾಚ್ ಕ್ಲಬ್ ಬಂದರಿನ ಒಳಗೇ ಇದೆ. ಸದಸ್ಯರಾಗಬೇಕು, ಬಂದರಿನ ಗೇಟಿನಲ್ಲಿ ಪಾಸು ಬೇಕು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಎಚ್ಚರಿಕೆ ಬಂದ ದಿನ ಯಾರಾದರೂ ಹೋಗಿ ಹಗ್ಗ ಇಮ್ಮಡಿ ಮಾಡಬೇಕು.

ನೀವು ಇಲ್ಲಿಂದ ಆ ರಾತ್ರಿ ಓಡಲಾರಿರಿ. ಹಾಗಾಗಿ ಜಾಗಕ್ಕಿಂತ ಮೊದಲು ಆ ಊರಿನಲ್ಲಿ ಒಬ್ಬ ನಂಬಿಕಸ್ಥ ಬೋಟ್‌ಮ್ಯಾನ್ ಹುಡುಕಿ. ಅವರ ತಿಂಗಳ ಸಂಬಳ ಕೊಡಲು ಆಗುತ್ತದೆ ಅಂತ ಖಾತ್ರಿಯಾದ ಮೇಲೆ ದೋಣಿಗೆ ಮುಂಗಡ ಕೊಡಿ.